ಕೈ ಬಿಡಿಸುವ ಬಾಗಿಲು

ಶೈಬಾಲ್ ಜಾನಾ ಕಟ್ಟಿದ ದುರ್ಗಾಪೂಜೆಯ ಪೆಂಡಾಲನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು ಎಂದು ಕಲ್ಕತ್ತೆಯ ಬೇಲೆಘಾಟಾದ ಕಾಲುವೆ ಬದಿಯ ಜನ ಹೇಳುತ್ತಿದ್ದರು. ಅದು ಹೊಗಳಿಕೆಯೂ ಹೌದು, ಗೇಲಿಯೂ ಹೌದು. ಬೇರೆಯವರು ಕಟ್ಟಿದ ಪೆಂಡಾಲಿನಲ್ಲಿ ಜನ ತಲೆಯೆತ್ತಿ ದೀಪ ನೋಡಿ ಬೆರಗಾಗುತ್ತಿದ್ದರು. ಇವನ ಪೆಂಡಾಲಿನಲ್ಲಿ ಕಾಲಡಿಯಲ್ಲಿ ಏನೋ ಕರಕರ ಎನ್ನುತ್ತಿತ್ತು, ಮೂಗಿಗೆ ಏನೋ ಬಡಿಯುತ್ತಿತ್ತು, ತೋಳಿಗೆ ಏನೋ ಸವರಿಕೊಂಡು ಹೋಗುತ್ತಿತ್ತು. ಒಂದು ವರ್ಷ ಬೆಸ್ತರ ಹಳ್ಳಿ ಮಾಡುತ್ತೇನೆಂದು ಬಲೆಗಳಿಗೆ ನಿಜವಾದ ಒಣಮೀನನ್ನೇ ಕಟ್ಟಿ ತೂಗುಹಾಕಿದ್ದ. ಸಪ್ತಮಿಯ ಹೊತ್ತಿಗೆ ಸುತ್ತಲಿನ ಬೆಕ್ಕುಗಳೆಲ್ಲ ದೇವಿಯ ದರ್ಶನಕ್ಕೆ ಬಂದವು. ಪುರೋಹಿತರು ಮೂಗಿಗೆ ಉತ್ತರೀಯ ಕಟ್ಟಿಕೊಂಡು ಮಂತ್ರ ಹೇಳಿದರು. ಅದಾದ ಮೇಲೆ ಎರಡು ವರ್ಷ ಯಾವ ಸಂಘವೂ ಅವನನ್ನು ಕರೆಯಲಿಲ್ಲ. ಬೇರೆ ಕಲಾವಿದರ ಕೈಕೆಳಗೆ ಮತ್ತೆ ಬಿದಿರು ಕಟ್ಟಲು ಹೋದ.

ಬಿದಿರು ಕಟ್ಟುವುದು ಅವನಿಗೆ ಹೊಸದೇನಲ್ಲ. ಅವನದು ಕಾಂಥಿಯ ಕಡೆಯ ಊರು. ಆ ಕಡೆಯ ಗಂಡಸರು ನಾಟಿ ಮುಗಿಸಿ ಕಲ್ಕತ್ತೆಗೆ ಬಂದು ಪೆಂಡಾಲು ಕಟ್ಟುವುದು, ಪೂಜೆ ಮುಗಿದ ಮೇಲೆ ಕೊಯ್ಲಿಗೆ ಊರಿಗೆ ಹಿಂತಿರುಗುವುದು ತಾತನ ಕಾಲದಿಂದ ನಡೆದುಬಂದದ್ದು. ಮೀಸೆ ಮೂಡುವ ಮೊದಲೇ ಬಂದ ಶೈಬಾಲ್, ಬಿದಿರಿನ ತುದಿಗೆ ಕಾಲು ಹೆಣೆದುಕೊಂಡು ಗಂಟು ಬಿಗಿಯುವುದರಲ್ಲಿ ದೊಡ್ಡವರನ್ನೂ ಮೀರಿಸಿದ್ದ. ಆದರೆ ಅವನ ಮನಸ್ಸು ಗಂಟಿನಲ್ಲಿ ಇರಲಿಲ್ಲ. ಪೆಂಡಾಲು ಮುಗಿದು ಜನ ಬರತೊಡಗಿದ ಮೇಲೆ ಜೊತೆಯವರು ಮಲಗಲು ಹೋದರೆ, ಇವನು ಬಟ್ಟೆಯ ಮರೆಯಲ್ಲಿ ನಿಂತು ಜನರ ಕಾಲುಗಳನ್ನು ನೋಡುತ್ತಿದ್ದ. ಎಲ್ಲಿ ನಡಿಗೆ ಚುರುಕಾಗುತ್ತದೆ, ಎಲ್ಲಿ ತಡವರಿಸುತ್ತದೆ ಎಂದು. ಒಮ್ಮೆ ಒಣಹುಲ್ಲಿನ ಪೆಂಡಾಲಿನ ಮೇಲೆ ತುಂತುರು ಬಿದ್ದು ನೆನೆದ ಹುಲ್ಲಿನ ವಾಸನೆ ಎದ್ದಿತು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ತಳ್ಳುತ್ತಿದ್ದ ಜನ ಸುಮ್ಮನೆ ನಿಂತುಬಿಟ್ಟರು. ಒಬ್ಬ ಮುದುಕ ಹುಲ್ಲಿನ ಗೋಡೆಗೆ ಅಂಗೈ ಊರಿ, ಹಿಂದಿನವರು ಬೈದರೂ ಕದಲಲಿಲ್ಲ. ತಾನು ಇಂಥದ್ದನ್ನು ಬೇಕೆಂದೇ ಮಾಡಬೇಕು ಎಂಬ ಆಸೆ ಶೈಬಾಲನಿಗೆ ಹತ್ತಿದ್ದು ಅವತ್ತು.

ಹೊಸ ಶತಮಾನ ಹುಟ್ಟಿ ಕೆಲವೇ ವರ್ಷಗಳಾಗಿದ್ದವು. ಗಲ್ಲಿಗೊಂದು ಪೂಜೆ, ಪೂಜೆಗೊಂದು ಥೀಮು, ಥೀಮಿಗೊಂದು ಬಹುಮಾನ ಎಂದು ಊರೆಲ್ಲ ಹುಚ್ಚೆದ್ದಿತ್ತು. ಅಂಥ ಹೊತ್ತಿನಲ್ಲಿ ಕಾಲುವೆ ಬದಿಯ ಕಿಶಲಯ ಸಂಘದ ಕಾರ್ಯದರ್ಶಿ ಪ್ರಣಬೇಶ್ ಸಮಾದ್ದಾರ್ ಅವನನ್ನು ಕರೆಸಿದರು. ಮೊಳೆ, ಬೀಗ, ಬಣ್ಣ ಮಾರುವ ಅಂಗಡಿ ಅವರದು. ಮಾತೂ ಮೊಳೆಯ ಹಾಗೆಯೇ.

"ನೋಡು ಶೈಬಾಲ್, ದೊಡ್ಡ ಕಲಾವಿದರನ್ನ ಕರೆಸೋ ತಾಕತ್ತು ನಮ್ಮ ಸಂಘಕ್ಕಿಲ್ಲ. ಅದಕ್ಕೇ ನೀನು. ಬಹುಮಾನ ಬಂದ್ರೆ ವರ್ಷಾವರ್ಷ ನೀನೇ. ಬರ್ಲಿಲ್ಲ ಅಂದ್ರೆ ನಿನ್ನ ಬಿದಿರು ನಿನಗೆ, ನಮ್ಮ ಗಲ್ಲಿ ನಮಗೆ."

"ಆಯ್ತು ಪ್ರಣಬೇಶ್‌ದಾ."

"ಮೀನು ಗೀನು ತರ್ಬೇಡ ಮತ್ತೆ."

ಶೈಬಾಲ್ ನಗಲೂ ಇಲ್ಲ. ಇದೊಂದು ಕೈತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ, ಉಳಿದ ಆಯುಷ್ಯವೆಲ್ಲ ಬೇರೆಯವರ ಕನಸಿಗೆ ಗಂಟು ಹಾಕುವುದೇ ಎಂದು ಅವನಿಗೆ ಗೊತ್ತಿತ್ತು. ಆಗಲೇ ವಯಸ್ಸು ನಲವತ್ತು ದಾಟಿತ್ತು. ಎತ್ತರದಲ್ಲಿ ನಿಂತರೆ ಮೊದಲಿನ ಹಾಗೆ ಮಂಡಿ ಮಾತು ಕೇಳುತ್ತಿರಲಿಲ್ಲ.

ಬಹಳ ಯೋಚಿಸಿ ಅವನು ಆರಿಸಿಕೊಂಡದ್ದು ಬಾಣಂತಿ ಕೋಣೆ. ದೇವಿ ತವರಿಗೆ ಬರುವ ಮಗಳು. ಹೆಣ್ಣುಮಕ್ಕಳು ತವರಿಗೆ ಬರುವುದು ಹೆರಿಗೆಗೆ ತಾನೆ? ಜನ ಮೊದಲು ಬಾಣಂತಿ ಕೋಣೆಯನ್ನು ಹಾದು ಬರಬೇಕು, ಅದರಾಚೆ ತೆರೆದ ಅಂಗಳ, ಅಂಗಳದಲ್ಲಿ ಮಕ್ಕಳನ್ನು ಕಟ್ಟಿಕೊಂಡ ದೇವಿ. ಪ್ರಣಬೇಶರಿಗೆ ಇದು ತಟ್ಟನೆ ಹಿಡಿಸಿತು. ಪುರೋಹಿತರು ಮಾತ್ರ, "ಪುರುಡಿನ ಮನೇಲಿ ದೇವಿಯನ್ನ ಕೂರಿಸ್ತೀಯೇನಯ್ಯಾ?" ಎಂದು ಗುಡುಗಿದರು. ಕೋಣೆ ಬೇರೆ, ಅಂಗಳ ಬೇರೆ ಎಂದು ಹಗ್ಗ ಎಳೆದು ತೋರಿಸಿದ ಮೇಲೆ ತಣ್ಣಗಾದರು.

ಮಹಾಲಯಕ್ಕೆ ಇನ್ನೂ ಸುಮಾರು ದಿನ ಇರುವಾಗಲೇ ಕೋಣೆ ಒಂದು ರೂಪಕ್ಕೆ ಬಂದಿತ್ತು. ಗೋಡೆಗಳಿಗೆಲ್ಲ ಹಳೆಯ ಸೀರೆಗಳಿಂದ ಹೊಲಿದ ಮೆತ್ತನೆಯ ಕೌದಿ. ನೆಲಕ್ಕೂ ಹತ್ತಿ ತುಂಬಿದ ಕೌದಿಯೇ, ಕಾಲಿಟ್ಟರೆ ಒಳಕ್ಕೆ ಇಳಿಯುತ್ತಿತ್ತು. ಮಣ್ಣಿನ ಹಣತೆಗಳ ಹಳದಿ ಬೆಳಕು. ಧೂಪದ ಜೊತೆಗೆ ಕಾಯಿಸಿದ ಹಾಲು, ಏಲಕ್ಕಿಯ ಪರಿಮಳ. ಎಲ್ಲಿಂದಲೋ ಸಣ್ಣ ದನಿಯಲ್ಲಿ ಜೋಗುಳ. ಹೊರಗೆ ಹೋಗುವಾಗ ಒಂದು ಮೊರ, ಒಂದು ಕೋಲು. ಬಡಿದವರಿಗೆ ಒಂದು ಹಿಡಿ ಪುರಿ, ಹುರಿದ ಕಾಳು, ಬೆಲ್ಲ. ಮಗು ಹುಟ್ಟಿದ ಎಂಟನೆಯ ದಿನ ಕೇರಿಯ ಮಕ್ಕಳು ಬಂದು ಮೊರ ಬಡಿದು ಗಲಾಟೆ ಮಾಡಿ ತಿನ್ನುವುದು ಅದನ್ನೇ. ಕಣ್ಣು, ಕಿವಿ, ಮೂಗು, ಚರ್ಮ, ನಾಲಿಗೆ, ಯಾವುದನ್ನೂ ಅವನು ಬಿಟ್ಟಿರಲಿಲ್ಲ.

ಪ್ರಣಬೇಶರು ಒಳಗೆ ಬಂದು ಕೌದಿಯ ಮೇಲೆ ಮಗುವಿನಂತೆ ಕುಪ್ಪಳಿಸಿದರು. "ಈ ಸಲ ಬಹುಮಾನ ನಮ್ಮದೇ ಕಣಯ್ಯ. ಇಲ್ಲೇ ಮಲಗಿಬಿಡೋಣ ಅನ್ಸುತ್ತೆ."

ಶೈಬಾಲನ ಬಂಟ, ಬಿದಿರಿನವರ ಮೇಸ್ತ್ರಿ ನಕುಲ್ ಬೇರಾ, "ಮಲಗಿ ದಾದಾ, ಹಾಲೂ ಕೊಡ್ತೀವಿ" ಎಂದ.

ಹೊರಗಿನ ಗೋಡೆಗೆ ಸಗಣಿ ಮಣ್ಣು ಮೆತ್ತುವ ಕೆಲಸ ಉಳಿದಿತ್ತು. ಅದಕ್ಕೆ ಕಾಲುವೆ ದಂಡೆಯ ಗುಡಿಸಲುಗಳಿಂದ ಹೆಂಗಸರು ಬಂದರು. ಅವರಲ್ಲಿ ಎಲ್ಲರಿಗಿಂತ ಹಳಬಳು ಖಾಂತಮಣಿ. ಬೆನ್ನು ಬಾಗಿ ಹೋಗಿದ್ದರೂ ಕೈ ಮಾತ್ರ ದೊಡ್ಡದು, ಅಗಲ. ಮಧ್ಯಾಹ್ನ ಬಿಸಿಲು ತಾಳಲಾರದೆ ಆಕೆ ನೀರಿನ ಚೊಂಬು ಹಿಡಿದು ಕೋಣೆಯೊಳಗೆ ಬಂದಳು, ಸುತ್ತ ನೋಡಿದಳು.

"ಇದೇನಪ್ಪಾ ಇದು? ಮದುವೆ ಮನೆನಾ?"

"ಬಾಣಂತಿ ಕೋಣೆ ಮಾಶಿ" ಎಂದ ಶೈಬಾಲ್.

ಖಾಂತಮಣಿ ಮೊದಲು ನಕ್ಕಳು. ಆಮೇಲೆ ನಗು ತಡೆಯಲಾಗದೆ ಗೋಡೆಗೆ ಒರಗಿದಳು. ಹೊರಗಿದ್ದವರನ್ನು ಕೂಗಿದಳು. "ಲೇ ಬನ್ರೇ, ಬನ್ರೇ! ನಮ್ಮ ಶೈಬಾಲ್ ಬಾಣಂತಿಗೆ ಹತ್ತಿ ಹಾಸಿದಾನೆ ನೋಡ್ರೇ!"

ಮಣ್ಣಿನ ಕೈಯಲ್ಲೇ ಹೆಂಗಸರು ಬಾಗಿಲಿಗೆ ಮುತ್ತಿಕೊಂಡರು. ಒಬ್ಬಳು ಕೌದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ನನ್ನ ಗಂಡ ಮದುವೆ ದಿನ ಕೂಡ ಇಷ್ಟು ಮೆತ್ತಗೆ ಹಾಸಿರ್ಲಿಲ್ಲ" ಎಂದಳು. ಇನ್ನೊಬ್ಬಳು ಮೂಗು ಏರಿಸಿ, "ಏಲಕ್ಕಿನಾ? ಹೆತ್ತೋಳಿಗೆ ಏಲಕ್ಕಿ ಕೊಡ್ತಾರೇನ್ರೇ?" ಎಂದಳು. ನಗು ಗಲ್ಲಿಗೆಲ್ಲ ಕೇಳಿಸಿತು.

ಶೈಬಾಲನ ಕಿವಿ ಬಿಸಿಯಾಯಿತು. "ಮತ್ತೆ ಹೇಗಿರುತ್ತೆ? ಹೇಳಿ" ಎಂದ. ಸಿಟ್ಟಿನಿಂದ ಕೇಳಿದ್ದು. ಕೇಳಿದ ಮೇಲೆ, ತಾನು ಯಾವತ್ತೂ ಯಾರನ್ನೂ ಇದನ್ನು ಕೇಳಿಲ್ಲ ಎಂಬುದು ಅವನಿಗೇ ಹೊಳೆಯಿತು. ಗಂಡಸರು ಆ ಕೋಣೆಗೆ ಕಾಲಿಡುವಂತಿರಲಿಲ್ಲ. ಹುಟ್ಟುವಾಗ ಒಮ್ಮೆ ಒಳಗಿದ್ದದ್ದು ಬಿಟ್ಟರೆ ಅವನಾಗಲಿ, ಅವನ ಅಪ್ಪನಾಗಲಿ, ಅಜ್ಜನಾಗಲಿ ಒಳಗೆ ಹೋದವರಲ್ಲ. ಹುಡುಗನಾಗಿದ್ದಾಗ ಅಂಗಳದಲ್ಲಿ ನಿಂತು ಮೊರ ಬಡಿದದ್ದು, ಪುರಿ ತಿಂದದ್ದು ನೆನಪಿತ್ತು. ಆ ಮೊರ ಒಂದು ನಿಜ. ಉಳಿದದ್ದೆಲ್ಲ ತಾಯಿಯ ಮಡಿಲು ಹೀಗಿರಬೇಕು ಎಂದು ತನ್ನಷ್ಟಕ್ಕೆ ತಾನೇ ಕಲ್ಪಿಸಿಕೊಂಡದ್ದು.

"ಕೂತ್ಕೊ, ಹೇಳ್ತೀನಿ" ಎಂದಳು ಖಾಂತಮಣಿ. ಅವಳು ಸೂಲಗಿತ್ತಿಯಾಗಿದ್ದವಳು. ಆಸ್ಪತ್ರೆಗೆ ಹೋಗುವ ರೂಢಿ ಬರುವ ಮೊದಲು ಕಾಲುವೆ ಬದಿಯಲ್ಲಿ ಬೇನೆ ಶುರುವಾದರೆ ಜನ ಓಡುತ್ತಿದ್ದದ್ದು ಅವಳ ಗುಡಿಸಲಿಗೆ.

ಅಷ್ಟರಲ್ಲಿ ಗಲಾಟೆ ಕೇಳಿ ಎದುರು ಮನೆಯಿಂದ ಪ್ರಣಬೇಶರ ತಾಯಿ ನೀಹಾರಬಾಲಾ ಬಂದರು. ಬಿಳಿ ಸೀರೆ, ಕನ್ನಡಕ, ಕೈಯಲ್ಲಿ ಎಲೆ ಅಡಿಕೆಯ ಡಬ್ಬಿ. ಖಾಂತಮಣಿಯನ್ನು ಕಂಡು ಒಂದು ಗಳಿಗೆ ಬಾಗಿಲಲ್ಲೇ ನಿಂತರು.

"ಬನ್ನಿ ಬೌಮಾ, ನೀವೂ ಹೇಳಿ ಇವನಿಗೆ" ಎಂದಳು ಖಾಂತಮಣಿ, ಮನೆಯ ಸೊಸೆಯನ್ನು ಕರೆಯುವ ಹಳೆಯ ರೂಢಿಯಲ್ಲೇ. "ನಿಮ್ಮ ಹಿರಿಯವನು, ಈ ಪ್ರಣಬೇಶ್, ಹುಟ್ಟಿದ್ದು ಎಲ್ಲಿ?"

"ದನದ ಕೊಟ್ಟಿಗೆ ಪಕ್ಕ" ಎಂದರು ನೀಹಾರಬಾಲಾ. "ಅದೂ ಒಂದು ಕೋಣೆನಾ? ತಟ್ಟಿ ಕಟ್ಟಿ ಒಂದು ಮೂಲೆ ಮಾಡಿದ್ರು. ನೆಲ ಒದ್ದೆ. ಶ್ರಾವಣ ಮಾಸ. ಒಂದು ಚಾಪೆ, ಅದೂ ಆಮೇಲೆ ಸುಟ್ಟುಬಿಡೋ ಅಂಥದ್ದು. ಒಳ್ಳೇದನ್ನ ಯಾರು ಕೊಡ್ತಾರೆ ಪುರುಡಿಗೆ?"

"ಬಿಸಿ ಇತ್ತಲ್ಲ, ಬೆಂಕಿ ಹಾಕಿದ್ನಲ್ಲ ನಾನು!"

"ಬೆಂಕಿ ಎಲ್ಲಿತ್ತು, ಬರೀ ಹೊಗೆ. ಬೇವಿನ ಸೊಪ್ಪು ಹಾಕಿ ಹಾಕಿ ಕಣ್ಣು ಕುರುಡು ಮಾಡ್ಬಿಟ್ಟೆ."

"ಹೊಗೆ ಇಲ್ದಿದ್ರೆ ಸೊಳ್ಳೆ ನಿಮ್ಮನ್ನೂ ಮಗೂನೂ ಎತ್ಕೊಂಡು ಹೋಗ್ತಿದ್ವು!"

ಇಬ್ಬರೂ ಜಗಳ ಶುರು ಮಾಡಿದರು. ಮಣ್ಣು ಮೆತ್ತುವವರೂ ಸೇರಿಕೊಂಡರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಸಾಸಿವೆ ಎಣ್ಣೆಯ ವಾಸನೆ ಎಂದು ಒಬ್ಬಳು. ಅಲ್ಲ, ರಕ್ತದ್ದು ಎಂದು ಇನ್ನೊಬ್ಬಳು. ದನದ ಗಂಜಲದ್ದು ಎಂದು ಮತ್ತೊಬ್ಬಳು. ಒಬ್ಬೊಬ್ಬರ ಕೋಣೆಯೂ ಬೇರೆ ಬೇರೆ. ಶೈಬಾಲ್ ತಲೆ ತಗ್ಗಿಸಿ ಕೇಳುತ್ತಿದ್ದ.

"ಜೋಗುಳ?" ಎಂದು ಮೆಲ್ಲಗೆ ಕೇಳಿದ. "ಯಾರಾದ್ರೂ ಹಾಡ್ತಿದ್ರಾ?"

ನೀಹಾರಬಾಲಾ ಎಲೆ ಅಡಿಕೆಯ ಡಬ್ಬಿಯನ್ನು ಮಡಿಲಿಗಿಟ್ಟುಕೊಂಡರು. "ಹಾಡಾ? ನನಗೆ ಕೇಳ್ತಿದ್ದದ್ದು ತಟ್ಟಿಯಾಚೆ ಮನೆಯವರು ಉಣ್ಣೋದು. ತಟ್ಟೆ ಇಡೋ ಸದ್ದು. ಇಲಿಶ್ ಮೀನು ಕರೀತಿದ್ರು ಒಂದಿನ, ಘಮ್ಮಂತ. ಎಲ್ಲಾರೂ ನಗ್ತಿದ್ರು. ನನ್ನ ಗಂಡನ ದನಿ ಕೇಳಿಸ್ತಿತ್ತು. ನನ್ನ ಹೆಸರು ಯಾರೂ ಹೇಳ್ಲಿಲ್ಲ. ನನಗೆ ಓಂಕಾಳಿನ ನೀರು, ಒಣ ಪುರಿ. ಬಾಗಿಲಲ್ಲಿಟ್ಟು ದೂರ ಸರೀತಿದ್ರು."

"ಮುಟ್ಟೋ ಹಾಗಿಲ್ಲವಲ್ಲ" ಎಂದಳು ಇನ್ನೊಬ್ಬಳು. "ನನ್ನ ಅಮ್ಮಾನೇ ಮುಟ್ಲಿಲ್ಲ."

ಜಗಳ ಅಲ್ಲಿಗೆ ನಿಂತಿತು. ಹೊಗೆ, ವಾಸನೆ, ಕತ್ತಲು ಎಂದು ಕಿತ್ತಾಡಿದವರು ಇದೊಂದಕ್ಕೆ ಎದುರು ಮಾತಾಡಲಿಲ್ಲ. ಪುರುಡಿನ ಅಷ್ಟೂ ದಿನ ಅವರನ್ನು ಯಾರೂ ಮುಟ್ಟಿರಲಿಲ್ಲ.

"ಇವಳೊಬ್ಬಳೇ" ಎಂದರು ನೀಹಾರಬಾಲಾ, ಖಾಂತಮಣಿಯ ಕಡೆ ನೋಡದೆ. "ಎಣ್ಣೆ ಕೈ. ಬಿಸಿ ಇರ್ತಿತ್ತು. ಇವಳು ಯಾವಾಗ ಬರ್ತಾಳೋ ಅಂತ ಕಾಯ್ತಿದ್ದೆ."

"ಆಮೇಲೆ ನಾನು ಕೂಲಿಗೆ ಬಾಗಿಲಿಗೆ ಬಂದ್ರೆ, ಮೈಲಿಗೆ ಅಂತ ಅಕ್ಕೀನ ಮೇಲಿಂದ ಸುರೀತಿದ್ರಿ" ಎಂದಳು ಖಾಂತಮಣಿ. ದನಿಯಲ್ಲಿ ಕೋಪವಿರಲಿಲ್ಲ. "ಅರ್ಧ ನನ್ನ ಸೆರಗಿಗೆ, ಅರ್ಧ ನೆಲಕ್ಕೆ."

"ಹೂಂ. ಸುರೀತಿದ್ದೆ."

ನೀಹಾರಬಾಲಾ ಡಬ್ಬಿ ತೆರೆದು ಎಲೆಗೆ ಸುಣ್ಣ ಹಚ್ಚಿ ಮಡಿಸಿದರು. ಅದನ್ನು ಖಾಂತಮಣಿಯ ಅಂಗೈಯಲ್ಲೇ ಇಟ್ಟರು. ಖಾಂತಮಣಿ ಬಾಯಿಗೆ ಹಾಕಿಕೊಂಡು, "ಸುಣ್ಣ ಜಾಸ್ತಿ" ಎಂದಳು.

ಎಲ್ಲರೂ ಹೋದ ಮೇಲೆ ಶೈಬಾಲ್ ಒಬ್ಬನೇ ಕೌದಿಯ ಮೇಲೆ ಕುಳಿತ. ಕೋಣೆ ಮೊದಲಿನಷ್ಟೇ ಚೆಂದವಾಗಿತ್ತು. ಹೀಗೇ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ತೀರ್ಪುಗಾರರು ಬಂದು ಕೌದಿ ಸವರಿ ಆಹಾ ಎನ್ನುತ್ತಾರೆ, ಪ್ರಣಬೇಶರು ಮುಂದಿನ ವರ್ಷವೂ ಕರೆಯುತ್ತಾರೆ. ಹೊರಗೆ ಹೆಂಗಸರು ಗೋಡೆ ಮೆತ್ತುತ್ತಾ ಇನ್ನೂ ಅದೇ ಮಾತಾಡುತ್ತಿದ್ದರು. ಈಗ ನಗುತ್ತಿರಲಿಲ್ಲ. ಇವರು ಪೂಜೆಯ ದಿನ ಮಕ್ಕಳು ಮೊಮ್ಮಕ್ಕಳ ಕೈ ಹಿಡಿದುಕೊಂಡು ಈ ಕೋಣೆಯನ್ನು ಹಾದು ಹೋಗುವುದನ್ನು ಅವನು ನೆನೆದ. ಹಾದು ಹೋಗುತ್ತಾರೆ, ಏನೂ ಹೇಳುವುದಿಲ್ಲ. ಆ ಹೇಳದೆ ಹೋಗುವುದನ್ನು ಅವನಿಗೆ ತಾಳಲಾಗಲಿಲ್ಲ. ಮೆಲ್ಲಗೆ ಎದ್ದು ಒಂದು ಮೂಲೆಯಿಂದ ಕೌದಿಯ ಹೊಲಿಗೆ ಬಿಚ್ಚತೊಡಗಿದ.

ನಕುಲ್ ಒಳಗೆ ಬಂದವನು ಬಾಯಿ ತೆರೆದು ನಿಂತ. "ದಾದಾ, ತಲೆ ಕೆಟ್ಟಿದೆಯಾ? ಹೊಲಿದ ಹೆಂಗಸರು ಇನ್ನೂ ಬೆರಳು ಚೀಪ್ತಾ ಕೂತಿದಾರೆ!"

"ಆ ಕಡೆ ತುದಿ ಹಿಡಿ."

"ಪ್ರಣಬೇಶ್‌ದಾ ನಮ್ಮನ್ನ ಕಾಲುವೆಗೆ ತಳ್ತಾರೆ."

"ಈಜು ಬರುತ್ತಲ್ಲ ನಿನಗೆ. ಹಿಡಿ."

ಆಮೇಲಿನ ದಿನಗಳಲ್ಲಿ ಕೋಣೆ ಬೇರೆಯಾಯಿತು. ಹಣತೆಗಳು ಹೋದವು, ಸೂರಿನ ಬಳಿ ಒಂದು ಸಂದಿ ಮಾತ್ರ ಉಳಿಯಿತು. ನೆಲ ಬರೀ ಮಣ್ಣು, ಪ್ರತಿ ಸಂಜೆ ನೀರು ಚಿಮುಕಿಸಿ ಒದ್ದೆ ಮಾಡಿದ್ದು. ಅಗ್ಗಿಷ್ಟಿಕೆಯಲ್ಲಿ ಉಮಿ, ಮೇಲೆ ನಾಲ್ಕು ಬೇವಿನೆಲೆ. ಜೋಗುಳದ ಯಂತ್ರವನ್ನು ಹಿಂದಿರುಗಿಸಿದ. ಕೋಣೆಯ ಹಿಂಭಾಗ ಸಂಘದ ಅಡುಗೆ ಚಪ್ಪರಕ್ಕೆ ತಾಗಿಕೊಂಡಿತ್ತು. ಮಧ್ಯೆ ಇದ್ದ ತಗಡು ಕಿತ್ತು ತೆಳುವಾದ ಬಿದಿರಿನ ತಟ್ಟಿ ಕಟ್ಟಿಸಿದ. ಪ್ರಸಾದದ ಖಿಚಡಿ ಬೇಯುವ ಘಮ, ಬದನೆಕಾಯಿ ಎಣ್ಣೆಗೆ ಬೀಳುವ ಸದ್ದು, ಅಡುಗೆಯವರ ಹರಟೆ ಎಲ್ಲ ಒಳಗೆ ಬರುತ್ತಿದ್ದವು, ಯಾರೂ ಕಾಣುತ್ತಿರಲಿಲ್ಲ. ಅಡುಗೆಯವರಿಗೆ ಅವನು ಏನನ್ನೂ ಹೇಳಿಕೊಡಲಿಲ್ಲ. ಎಂದಿನ ಹಾಗೆ ಇದ್ದರೆ ಸಾಕು ಎಂದ.

ಬಾಗಿಲಿನ ವಿಷಯದಲ್ಲಿ ಮಾತ್ರ ಬಹಳ ತಲೆ ಕೆಡಿಸಿಕೊಂಡ. ಪೂಜೆಯ ಜನಜಂಗುಳಿಯಲ್ಲಿ ಯಾರೂ ಒಂಟಿಯಾಗಿ ನಡೆಯುವುದಿಲ್ಲ. ಗಂಡ ಹೆಂಡಿರು, ಗೆಳತಿಯರು, ಅಣ್ಣ ತಂಗಿ, ಎಲ್ಲರೂ ತಪ್ಪಿಹೋದೇವೆಂಬ ಭಯಕ್ಕೆ ಕೈ ಹಿಡಿದುಕೊಂಡೇ ಬರುವವರು. ಆ ಕೈಯನ್ನು ಬಿಡಿಸಬೇಕು, ಆದರೆ ಬಿಡಿ ಎಂದು ಹೇಳಬಾರದು. ನಕುಲನನ್ನೂ ಅವನ ಹುಡುಗರನ್ನೂ ಕೈ ಹಿಡಿಸಿಕೊಂಡು ನಡೆಸಿ ನಡೆಸಿ, ಬಿದಿರನ್ನು ಅಷ್ಟಿಷ್ಟು ಸರಿಸಿ, ಕೊನೆಗೆ ಒಬ್ಬರ ಭುಜದಷ್ಟೇ ಅಗಲದ, ಸೊಂಟ ಬಗ್ಗಿಸಲೇಬೇಕಾದ ಬಾಗಿಲು ಮಾಡಿದ. ಮಕ್ಕಳನ್ನು ಎತ್ತಿಕೊಂಡವರು ಮಾತ್ರ ಅಪ್ಪಿಕೊಂಡೇ ಹೋಗಬಹುದಿತ್ತು. ಜನ ನಿಂತುಬಿಟ್ಟರೆ ಪೊಲೀಸರು ಬಿಡುವುದಿಲ್ಲವೆಂದು ಅಂಥ ಬಾಗಿಲನ್ನು ಮೂರು ಮಾಡಿದ, ಒಳಗೆ ಮೂರು ಕಿರಿದಾರಿ. ಪ್ರತಿ ದಾರಿಯ ಕೊನೆಯಲ್ಲಿ ಒಂದು ಮೆಟ್ಟಿಲು, ಅಂಗಳದ ಬೆಳಕು, ಮತ್ತು ಬೆಳಕಿಗೆ ಬೆನ್ನು ಮಾಡಿ ಕುಳಿತ ಒಬ್ಬಾಕೆ. ಆಕೆ ಬಿಸಿ ಎಣ್ಣೆ ಸವರಿದ ಕೈ ಚಾಚಿ ಬಂದವರ ಕೈ ಹಿಡಿದು ಮೆಟ್ಟಿಲು ಹತ್ತಿಸಬೇಕು. ಅಷ್ಟೇ.

ಪ್ರಣಬೇಶರು ಅಂಗಡಿಯ ಗಡಿಬಿಡಿಯಲ್ಲಿ ಬಿಡುವು ಮಾಡಿಕೊಂಡು ಬಂದು ನೋಡಿದಾಗ ಮುಖ ಕೆಂಪಾಯಿತು.

"ಕೌದಿ ಎಲ್ಲಿ?"

"ತೆಗೆದೆ ಪ್ರಣಬೇಶ್‌ದಾ."

"ತೆಗೆದೆ! ಇದೇನಿದು, ಕತ್ತಲೆ, ಕೆಸರು, ಹೊಗೆ! ಹೊಸ ಸೀರೆ ಉಟ್ಟು ಬರೋ ಜನ ನನ್ನ ಮೇಲೆ ಚಪ್ಪಲಿ ಎಸೀತಾರೆ. ಇಲ್ಲಿ ಯಾರು ಕೂರೋದು?"

"ಖಾಂತ ಮಾಶಿ ಒಂದು ದಾರೀಲಿ. ಅಡುಗೆಯ ಛಬಿ ಬೌದಿ ಒಂದ್ರಲ್ಲಿ..."

"ಖಾಂತ ಮಾಶಿ ದೊಡ್ಡ ಮನೆಯೋರ ಕೈ ಹಿಡೀತಾಳಾ? ಹಿಡಿಸ್ಕೋತಾರಾ ಅವ್ರು? ಮೂರನೇದ್ರಲ್ಲಿ ಯಾರು?"

"ನಾನು" ಎಂದರು ಹಿಂದಿನಿಂದ ನೀಹಾರಬಾಲಾ. "ಖಾಂತನ ಪಕ್ಕದ ದಾರಿ ನನಗೆ ಕೊಡು ಅಂತ ನಾನೇ ಕೇಳಿದ್ದು. ನಿನ್ನ ಅಂಗಡೀಲಿ ಮೊಳೆ ಎಣಿಸೋಕಿಂತ ಒಳ್ಳೆ ಕೆಲಸ."

ತಾಯಿಗೆ ಎದುರಾಡುವ ಧೈರ್ಯ ಪ್ರಣಬೇಶರಿಗೆ ಇರಲಿಲ್ಲ. ಶೈಬಾಲನ ಕಡೆ ತಿರುಗಿ, "ನಾನು ಹೇಳಿದ್ದು ನೆನಪಿದೆ ತಾನೆ?" ಎಂದರು. ನೆನಪಿದೆ ಎಂದು ಶೈಬಾಲ್ ತಲೆಯಾಡಿಸಿದ.

ಪಂಚಮಿಯ ಸಂಜೆ ತೀರ್ಪುಗಾರರು ಬಂದರು. ಮೂರು ಜನ. ಕನ್ನಡಕದ ದಪ್ಪ ಗೃಹಸ್ಥರು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು, ನಕುಲ್ ಹಿಂದಿನಿಂದ ತಳ್ಳಬೇಕಾಯಿತು. ಕ್ಯಾಮೆರಾ ಹಿಡಿದ ಯುವಕ ಕೆಮ್ಮುತ್ತಾ ಹೊರಬಿದ್ದು, ಖಾಂತಮಣಿ ಚಾಚಿದ ಕೈಗೆ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದ. ಮೂರನೆಯಾಕೆ ಬೆಳ್ಳಿ ಕೂದಲಿನ ಹೆಂಗಸು. ಛಬಿ ಬೌದಿಯ ಕೈ ಹಿಡಿದು ಮೆಟ್ಟಿಲು ಹತ್ತಿದವಳು ಹತ್ತಿದ ಮೇಲೂ ಬಿಡಲಿಲ್ಲ. ಛಬಿ ಬೌದಿ ಗಾಬರಿಯಾಗಿ, "ದೀದಿ, ನೀರು ಬೇಕಾ?" ಎಂದಳು. ಆಕೆ ಬೇಡವೆಂದು ತಲೆಯಾಡಿಸಿ ಕಾರಿಗೆ ಹೋದಳು. ಮೊರ ಬಡಿಯುವುದನ್ನು ಮೂವರೂ ಮರೆತರು.

ಬಹುಮಾನ ಬರಲಿಲ್ಲ. ಅದು ಗಾಜಿನ ಬಳೆಗಳಿಂದ ಅರಮನೆ ಕಟ್ಟಿದ ಬೇರೊಂದು ಗಲ್ಲಿಗೆ ಹೋಯಿತು. ಷಷ್ಠಿಯ ಬೆಳಿಗ್ಗೆ ಸುದ್ದಿ ಬಂದಾಗ ಪ್ರಣಬೇಶರು ಬೈಯಲಿಲ್ಲ. ಶೈಬಾಲನನ್ನು ಕಂಡರೂ ಕಾಣದವರ ಹಾಗೆ ಧ್ವನಿವರ್ಧಕದ ಹುಡುಗನಿಗೆ ಏನೋ ಹೇಳುತ್ತಾ ಹೋದರು. ಬೈದಿದ್ದರೆ ವಾಸಿಯಿತ್ತು.

"ಮುಂದಿನ ವರ್ಷ ಟಾಲಾ ಕಡೆ ಒಬ್ರು ಬಿದಿರಿನೋರನ್ನ ಹುಡುಕ್ತಿದಾರೆ" ಎಂದ ನಕುಲ್, ಸಮಾಧಾನ ಮಾಡಲು. "ಇಬ್ರೂ ಹೋಗೋಣ ದಾದಾ. ಮೇಲೆ ನಾನು ಹತ್ತುತ್ತೀನಿ, ನೀನು ಕೆಳಗಿಂದ ಬಿದಿರು ಕೊಡು."

"ಹೂಂ. ಹೇಳಿಡು ಅವ್ರಿಗೆ."

ಜನ ಮಾತ್ರ ಬಂದರು. ಸಪ್ತಮಿಗೆ ಹೆಚ್ಚಿದರು, ಅಷ್ಟಮಿಗೆ ಸಾಲು ಕಾಲುವೆ ಸೇತುವೆಯವರೆಗೆ ಹೋಯಿತು. ಶೈಬಾಲ್ ತನ್ನ ಹಳೆಯ ಅಭ್ಯಾಸದಂತೆ ತಟ್ಟಿಯ ಮರೆಯಲ್ಲಿ ನಿಂತು ನೋಡುತ್ತಿದ್ದ. ಈ ಸಲ ಕಾಲುಗಳನ್ನಲ್ಲ, ಕೈಗಳನ್ನು. ಬಾಗಿಲ ಬಳಿ ಕೈ ಕೈ ಬಿಡುತ್ತಿದ್ದವು. "ಏ, ಎಲ್ಲಿದೀಯಾ?" "ಇಲ್ಲೇ ಇದೀನಿ, ನಡಿ." ಆಮೇಲೆ ಮಾತು ನಿಲ್ಲುತ್ತಿತ್ತು. ತಟ್ಟಿಯಾಚೆ ಯಾರೋ ಹರಟುತ್ತಾ ಖಿಚಡಿ ತಿರುವುತ್ತಿದ್ದರು. ಒದ್ದೆ ನೆಲದ ಮೇಲೆ ಚಪ್ಪಲಿ ಎಳೆಯುವ ಸದ್ದು, ಕೆಮ್ಮು, ನಂತರ ಬೆಳಕಿಗೆ ಚಾಚಿದ ಒಂದು ಕೈ. ಗಂಡಸರು ಕಣ್ಣೊರೆಸಿಕೊಂಡು ಹೊಗೆಯನ್ನು ಬೈದರು. ಒಬ್ಬಳು ತುಂಬು ಬಸುರಿ ಖಾಂತಮಣಿಯ ದಾರಿಯಲ್ಲೇ ಬರುತ್ತೇನೆಂದು ಹಠ ಹಿಡಿದಳು. ಕೆಲವರು ಖಾಂತಮಣಿ ಯಾರೆಂದು ತಿಳಿದು ಬೇರೆ ದಾರಿಗೆ ಹೋದರು. ಅದೂ ನಡೆಯಿತು.

ಖಾಂತಮಣಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಆಯ್ತು ಮಗಾ, ಆಯ್ತು. ಬಂದ್ಬಿಟ್ಟೆ." ಬಡ್ಡಿ ವ್ಯವಹಾರದ ಧಡೂತಿ ಆಸಾಮಿಗೂ ಅದೇ, ಕಾಲೇಜು ಹುಡುಗಿಗೂ ಅದೇ. ಹೊರಗೆ ಮೊರಗಳು ಬಡಿಬಡಿದು ಹರಿದುಹೋಗಿ ಹೊಸವು ಬಂದವು.

ನವಮಿಯ ಮಧ್ಯಾಹ್ನದ ಹೊತ್ತಿಗೆ ನೀಹಾರಬಾಲಾರ ಬೆರಳುಗಳು ಊದಿಕೊಂಡವು. ಪ್ರಣಬೇಶರು ಸ್ವಯಂಸೇವಕರು ಓಡಾಡುವ ಪಕ್ಕದ ದಾರಿಯಿಂದ ಬಂದು, "ಅಮ್ಮಾ, ಸಾಕು, ಮನೆಗೆ ನಡಿ" ಎಂದರು.

"ನನ್ನ ಜಾಗದಲ್ಲಿ ಯಾರು ಕೂರ್ತಾರೆ? ನೀನು ಕೂರ್ತೀಯಾ?"

"ಹಟ ಮಾಡ್ಬೇಡ."

"ಒಂದ್ಸಲನಾದ್ರೂ ಆ ಕಡೆಯಿಂದ ಬಂದಿದೀಯೇನೋ? ನಾಲ್ಕು ದಿನದಿಂದ ಈ ಕಡೆಯಿಂದ್ಲೇ ಬರ್ತಿದೀಯ. ಊರಿನೋರೆಲ್ಲ ಬಂದ್ರು, ನೀನೊಬ್ಬ ಬರ್ಲಿಲ್ಲ. ಹೋಗು, ಸಾಲಲ್ಲಿ ನಿಂತ್ಕೊಂಡು ಬಾ. ಆಮೇಲೆ ಮನೆಗೆ ಬರ್ತೀನಿ."

ಸಾಲಿನವರು ನಕ್ಕರು. ಪ್ರಣಬೇಶರು ಗೊಣಗುತ್ತಾ ಹೋದರು. ತಟ್ಟಿಯ ಮರೆಯಲ್ಲಿ ನಿಂತಿದ್ದ ಶೈಬಾಲ್ ಸಂದಿಗೆ ಕಣ್ಣು ಹಚ್ಚಿದ. ತೀರ್ಪುಗಾರರು ಬಂದಾಗಲೂ ಹೀಗೆ ನೋಡಿರಲಿಲ್ಲ. ಬಾಗಿಲಿನಿಂದ ಠಪ್ಪೆಂದು ಒಂದು ಸದ್ದು, ಪ್ರಣಬೇಶರ ದನಿಯಲ್ಲಿ ಒಂದು ಬೈಗುಳ. ಮತ್ತೆ ಎಷ್ಟು ಹೊತ್ತಾದರೂ ಏನೂ ಕೇಳಿಸಲಿಲ್ಲ. ಅಡುಗೆ ಚಪ್ಪರದಲ್ಲಿ ಯಾರೋ ಸೌಟನ್ನು ಪಾತ್ರೆಯ ಅಂಚಿಗೆ ಬಡಿದರು, ಯಾರೋ ನಕ್ಕರು. ತಾಯಿಯ ದಾರಿಗೆ ಬರುತ್ತಾರೆಂದು ಶೈಬಾಲ್ ಆ ಕಡೆ ನೋಡುತ್ತಿದ್ದ. ಬಂದದ್ದು ಖಾಂತಮಣಿಯ ದಾರಿಯಲ್ಲಿ. ಕತ್ತಲೆಯಲ್ಲಿ ದಾರಿ ತಿಳಿಯದೆ ಬಂದರೋ, ತಿಳಿದೇ ಬಂದರೋ.

ಖಾಂತಮಣಿ ಕೈ ಚಾಚಿದಳು. ಪ್ರಣಬೇಶರು ಒಂದು ಕ್ಷಣ ನಿಂತರು. ಆಮೇಲೆ ಕೊಟ್ಟರು.

"ಆಯ್ತು ಮಗಾ, ಆಯ್ತು. ಬಂದ್ಬಿಟ್ಟೆ."

ಅವರು ಮೆಟ್ಟಿಲು ಹತ್ತಿ ಅಂಗಳದಲ್ಲಿ ನಿಂತರು. ಹಣೆಯ ಮೇಲೆ ಸಣ್ಣದಾಗಿ ಊದಿತ್ತು. ಅಂಗೈಯ ಎಣ್ಣೆಯನ್ನು ಪಂಚೆಗೆ ಒರೆಸಲು ಹೋದವರು ಒರೆಸದೆ ಹಾಗೇ ಕೈ ಹಿಡಿದುಕೊಂಡು ದೇವಿಯ ಕಡೆ ಸ್ವಲ್ಪ ಹೊತ್ತು ನೋಡಿದರು. ಪಕ್ಕದ ಮೆಟ್ಟಿಲಿನಿಂದ ನೀಹಾರಬಾಲಾ ಮಗನನ್ನೇ ನೋಡುತ್ತಿದ್ದರು. ಅವರ ಮುಂದೆ ಒಬ್ಬ ಹುಡುಗಿ ಕೈ ಚಾಚಿ ನಿಂತಿದ್ದಳು. ಆ ಕೈ ಹಿಡಿದು ಹತ್ತಿಸಿದರು.

ಪ್ರಣಬೇಶರು ಶೈಬಾಲ್ ನಿಂತಿದ್ದ ತಟ್ಟಿಯ ಬಳಿ ಬಂದರು. ಅವನು ಅಲ್ಲಿರುವುದು ಅವರಿಗೆ ಮೊದಲಿಂದಲೂ ಗೊತ್ತಿತ್ತೆಂದು ಕಾಣುತ್ತದೆ.

"ಹೊಗೆ ಜಾಸ್ತಿ" ಎಂದರು.

"ಕಡಿಮೆ ಮಾಡ್ತೀನಿ ಪ್ರಣಬೇಶ್‌ದಾ."

"ಮಾಡ್ಬೇಡ. ಇರ್ಲಿ." ಹಣೆ ಮುಟ್ಟಿ ನೋಡಿಕೊಂಡರು. "ಆದ್ರೆ ಮುಂದಿನ ವರ್ಷ ಏನೇ ಕಟ್ಟು, ಬಾಗಿಲು ಮಾತ್ರ ಇಷ್ಟು ಕೆಳಗೆ ಇಡ್ಬೇಡ. ತಲೆ ಒಡೆದು ಹೋಯ್ತು."

ಅಷ್ಟು ಹೇಳಿ, ಛಬಿ ಬೌದಿಗೆ ಊಟಕ್ಕೆ ಹೋಗಲು ಬಿಡುವು ಕೊಟ್ಟಿದ್ದಾರೋ ಇಲ್ಲವೋ ಎಂದು ಸ್ವಯಂಸೇವಕರನ್ನು ಗದರಿಸುತ್ತಾ ಹೋದರು. ನಕುಲ್ ಶೈಬಾಲನ ಪಕ್ಕೆಗೆ ತಿವಿದ.

"ದಾದಾ, ಕೇಳಿಸ್ತಾ? ಮುಂದಿನ ವರ್ಷ ಅಂದ್ರು."

"ಕೇಳಿಸ್ತು."

"ಟಾಲಾದೋರಿಗೆ ಏನ್ ಹೇಳ್ಲಿ?"

"ಇಲ್ಲ ಅಂತ ಹೇಳು."

ನೀಹಾರಬಾಲಾ ಏಳಲು ಕಷ್ಟಪಡುತ್ತಿದ್ದುದನ್ನು ಕಂಡು ಶೈಬಾಲ್ ಅಂಗಳಕ್ಕೆ ಬಂದ. ಅವರ ತೋಳು ಹಿಡಿದು ಎಬ್ಬಿಸಿ, ಊರುಗೋಲು ಕೈಗೆ ಕೊಟ್ಟ. ಸಾಲು ನಿಲ್ಲುವಂತಿರಲಿಲ್ಲ. ಅಡುಗೆ ಚಪ್ಪರದಿಂದ ಬೇರೊಬ್ಬಳು ಬರುವವರೆಗೆ ಅವರ ಮಣೆಯ ಮೇಲೆ ತಾನೇ ಕುಳಿತ, ಬಟ್ಟಲಿನ ಬಿಸಿ ಎಣ್ಣೆಗೆ ಬೆರಳದ್ದಿ, ಕತ್ತಲೆಯ ಕಡೆಗೆ ಕೈ ಚಾಚಿದ.